ಸರ್ವರ್ ಬದಲಾದದ್ದು ವಿಎಂಗೆ ತಿಳಿಯಬಾರದು

2014ರ ಸೆಪ್ಟೆಂಬರ್ ಕೊನೆಯ ವಾರ ಅಮೆಜಾನ್‌ನ ಕ್ಲೌಡ್ ಗ್ರಾಹಕರಲ್ಲಿ ಹಲವರಿಗೆ ಒಂದು ಸೂಚನೆ ಬಂತು. ನಿಮ್ಮ ಇಂತಿಂಥ ಸರ್ವರುಗಳನ್ನು ಇಂಥ ದಿನ, ಇಂಥ ಹೊತ್ತಿನಲ್ಲಿ ರೀಬೂಟ್ ಮಾಡಲಿದ್ದೇವೆ, ತಯಾರಾಗಿರಿ ಎಂಬುದು ಅದರ ಸಾರಾಂಶ. ಏಕೆಂಬ ಪೂರ್ತಿ ವಿವರ ಹೊರಬಿದ್ದದ್ದು ಅಕ್ಟೋಬರ್ 1ರಂದು. ಅಮೆಜಾನ್ ಆಗ ನೆಚ್ಚಿಕೊಂಡಿದ್ದ, ಒಂದೇ ಸರ್ವರನ್ನು ಹಲವು ಗ್ರಾಹಕರ ಯಂತ್ರಗಳಿಗೆ ಹಂಚಿಕೊಡುವ ಝೆನ್ ಎಂಬ ಹೈಪರ್‌ವೈಸರ್‌ನಲ್ಲಿ ಒಂದು ದೋಷವಿತ್ತು. ಅದನ್ನು ಬಳಸಿಕೊಂಡು ಒಬ್ಬ ಗ್ರಾಹಕನ ಯಂತ್ರದಿಂದ, ಅದೇ ಸರ್ವರ್ ಹಂಚಿಕೊಂಡ ಇನ್ನೊಬ್ಬನ ಮಾಹಿತಿಯ ಚೂರುಗಳನ್ನು ಓದಲು ಆಗುತ್ತಿತ್ತು. ಸುದ್ದಿ ಬಯಲಾಗುವ ಮೊದಲೇ ತೇಪೆ ಹಾಕಿ ಮುಗಿಸಬೇಕಿತ್ತು. ರೀಬೂಟ್ ಆದ ಯಂತ್ರಗಳು ಒಟ್ಟು ಸಂಖ್ಯೆಯ ಶೇ 10ಕ್ಕಿಂತ ಕಡಿಮೆ ಎಂದು ಕಂಪನಿ ಹೇಳಿತು. ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಅದೂ ಸಣ್ಣ ಸಂಖ್ಯೆಯೇನಲ್ಲ.

ಗೂಗಲ್‌ನ ಕಂಪ್ಯೂಟ್ ಎಂಜಿನ್ ಅಷ್ಟರಲ್ಲಾಗಲೇ ಬೇರೆ ದಾರಿ ಹಿಡಿದಿತ್ತು. ಸರ್ವರ್ ದುರಸ್ತಿಗೆ ಬಂದರೆ ಅದರ ಮೇಲೆ ಓಡುತ್ತಿರುವ ವರ್ಚುವಲ್ ಯಂತ್ರಗಳನ್ನು ನಿಲ್ಲಿಸದೆಯೇ ಇನ್ನೊಂದು ಸರ್ವರಿಗೆ ಸಾಗಿಸುವುದು, ಖಾಲಿಯಾದದ್ದನ್ನು ಸಾವಕಾಶವಾಗಿ ರಿಪೇರಿ ಮಾಡುವುದು. ಲೈವ್ ಮೈಗ್ರೇಷನ್ ಎಂಬ ಈ ಕೆಲಸ ಇವತ್ತು ಬ್ಯಾಂಕು, ಆಸ್ಪತ್ರೆ, ಸರ್ಕಾರಿ ದತ್ತಾಂಶ ಕೇಂದ್ರ ಎಲ್ಲ ಕಡೆಯೂ ದಿನನಿತ್ಯದ್ದು. ಸಲೀಸಾಗಿ ನಡೆದ ದಿನ ಅದರ ಸುಳಿವೂ ಯಾರಿಗೂ ಸಿಗುವುದಿಲ್ಲ. ನಡೆಯದ ದಿನ, ಅಡ್ಮಿನ್‌ನ ಪರದೆಯ ಮೇಲೆ ಒಂದು ಸಾಲಿನ ದೋಷಸಂದೇಶ ಕಾಣಿಸಿಕೊಂಡು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆ ಸಾಲನ್ನು ಬಿಡಿಸುತ್ತ ಹೋದರೆ ಬಹಳ ಸಲ ಸಿಗುವುದು ಆವೃತ್ತಿಗಳ ಜಗಳ: ಈ ತುದಿಯಲ್ಲಿ ಇರುವುದೊಂದು ವರ್ಷನ್, ಆ ತುದಿಯಲ್ಲಿ ಇನ್ನೊಂದು.

ವರ್ಚುವಲ್ ಯಂತ್ರ, ವೃತ್ತಿಯವರ ಬಾಯಲ್ಲಿ ವಿಎಂ, ಎಂದರೆ ನಿಜವಾದ ಸರ್ವರೊಂದರ ಮೇಲೆ ಹೈಪರ್‌ವೈಸರ್ ಎಂಬ ತಂತ್ರಾಂಶ ಕಟ್ಟಿಕೊಡುವ ನಕಲಿ ಕಂಪ್ಯೂಟರ್. ಕಲ್ಪನೆ ಹೊಸದಲ್ಲ. ಐಬಿಎಂ 1972ರಲ್ಲೇ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ಕೊಟ್ಟಿತ್ತು. ಇಂಟೆಲ್ ಮಾದರಿಯ ಅಗ್ಗದ ಯಂತ್ರಗಳಿಗೆ ಅದನ್ನು ತಂದವರು 1998ರಲ್ಲಿ ವಿಎಂವೇರ್ ಕಂಪನಿ ಕಟ್ಟಿದ ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ಮೂವರು ಸಂಗಡಿಗರು. ಐದು ವರ್ಷದ ಬಳಿಕ, 2003ರಲ್ಲಿ, ಅದೇ ಕಂಪನಿ ಓಡುತ್ತಿರುವ ವಿಎಂ ಅನ್ನು ಸರ್ವರಿನಿಂದ ಸರ್ವರಿಗೆ ದಾಟಿಸುವ ವಿಮೋಷನ್ ಅನ್ನು ಮಾರುಕಟ್ಟೆಗೆ ಬಿಟ್ಟಿತು. ಅಂದಿನ ಅಡ್ಮಿನ್‌ಗಳಿಗೆ ಅದು ಕಣ್ಕಟ್ಟಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಕಣ್ಕಟ್ಟಿನ ಹಿಂದಿನ ಉಪಾಯ ಸರಳ. ಡಿಸ್ಕ್ ಸಾಮಾನ್ಯವಾಗಿ ಎರಡೂ ಸರ್ವರಿಗೆ ಕಾಣುವ ಸಾಮಾಯಿಕ ಸ್ಟೋರೇಜ್‌ನಲ್ಲೇ ಇರುತ್ತದೆ. ಸಾಗಿಸಬೇಕಾದದ್ದು ಮೆಮೊರಿ. ವಿಎಂ ಹಳೆಯ ಸರ್ವರಿನಲ್ಲಿ ಓಡುತ್ತಲೇ ಇರುತ್ತದೆ. ಇತ್ತ ಅದರ ಮೆಮೊರಿಯ ಪುಟಗಳು ಒಂದೊಂದಾಗಿ ಹೊಸ ಸರ್ವರಿಗೆ ಹೋಗುತ್ತಿರುತ್ತವೆ. 64 ಜಿಬಿ ಮೆಮೊರಿಯ ಯಂತ್ರಕ್ಕೆ 10 ಗಿಗಾಬಿಟ್ ಜಾಲದಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ. ಆ ಒಂದು ನಿಮಿಷದಲ್ಲಿ ವಿಎಂ ಸುಮ್ಮನೆ ಕೂತಿರುವುದಿಲ್ಲವಲ್ಲ, ಕಳಿಸಿಯಾದ ಪುಟಗಳಲ್ಲಿ ಕೆಲವನ್ನು ಮತ್ತೆ ಬರೆದಿರುತ್ತದೆ. ಎರಡನೇ ಸುತ್ತಿನಲ್ಲಿ ಬರೀ ಆ ಪುಟಗಳು ಹೋಗುತ್ತವೆ, ಮೂರನೆಯದರಲ್ಲಿ ಇನ್ನೂ ಕಡಿಮೆ. ಉಳಿದದ್ದು ಚೂರುಪಾರು ಎನ್ನುವಾಗ ಯಂತ್ರವನ್ನು ಕ್ಷಣಕಾಲ ನಿಲ್ಲಿಸಿ, ಕೊನೆಯ ಪುಟಗಳ ಜತೆ ಪ್ರೊಸೆಸರಿನ ರಿಜಿಸ್ಟರುಗಳು, ನೆಟ್‌ವರ್ಕ್ ಕಾರ್ಡು, ಟೈಮರು ಮುಂತಾದ ಸಾಧನಗಳ ಆ ಕ್ಷಣದ ಸ್ಥಿತಿಯನ್ನು ಕಟ್ಟಿ ಕಳಿಸಿ, ಆಚೆ ಕಡೆ ಎಬ್ಬಿಸಲಾಗುತ್ತದೆ. ಕೇಂಬ್ರಿಡ್ಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2005ರಲ್ಲಿ ಝೆನ್ ಮೇಲೆ ಇದನ್ನು ಮಾಡಿ ತೋರಿಸಿದಾಗ ಆರಿಸಿಕೊಂಡ ಪ್ರಯೋಗಗಳಲ್ಲಿ ಒಂದು ಕ್ವೇಕ್ 3 ಎಂಬ ಗುಂಡಿನಾಟದ ಸರ್ವರ್. ಆರು ಜನ ಆಡುತ್ತಿರುವಾಗಲೇ ಆಟದ ಸರ್ವರನ್ನು ಸಾಗಿಸಿದರು. ಅದು ನಿಂತಿದ್ದದ್ದು ಸುಮಾರು 60 ಮಿಲಿಸೆಕೆಂಡು, ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ.

ಇಲ್ಲಿಯವರೆಗೆ ಎಲ್ಲ ಚೆನ್ನ. ತೊಡಕು ಶುರುವಾಗುವುದು ಎಬ್ಬಿಸಿದ ಮೇಲೆ.

ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಸ್ಲೀಪರ್ ಬಸ್ಸು ನಡುರಾತ್ರಿ ಕೆಟ್ಟಿತು, ಗಾಢ ನಿದ್ದೆಯಲ್ಲಿದ್ದ ಪ್ರಯಾಣಿಕನನ್ನು ಎಚ್ಚರವಾಗದ ಹಾಗೆ ಎತ್ತಿ ಇನ್ನೊಂದು ಬಸ್ಸಿನಲ್ಲಿ ಮಲಗಿಸಿದರು ಎಂದುಕೊಳ್ಳಿ. ಕತ್ತಲಲ್ಲಿ ಅವನು ಲೈಟಿನ ಸ್ವಿಚ್ಚಿಗೆ ಕೈ ಚಾಚಿದರೆ ಅದು ಮೊದಲಿದ್ದ ಜಾಗದಲ್ಲೇ ಇರಬೇಕು. ಬಸ್ಸು ಹೊಸದಾಗಿರಲಿ, ಇನ್ನೂ ಒಳ್ಳೆಯದಾಗಿರಲಿ, ಸ್ವಿಚ್ಚು ಬೇರೆ ಕಡೆ ಇದ್ದರೆ ಕೈ ಗೋಡೆಗೆ ಬಡಿಯುತ್ತದೆ. ವಿಎಂ ಕೂಡ ತಾನು ಹುಟ್ಟಿದಾಗ ಸುತ್ತ ಏನೇನು ಇದೆ ಎಂದು ಒಮ್ಮೆ ನೋಡಿಕೊಂಡಿರುತ್ತದೆ, ಮತ್ತೆ ನೋಡುವುದಿಲ್ಲ.

ಹಾಗೆ ನೋಡಿಕೊಳ್ಳುವ ಮೊದಲ ಸಂಗತಿ ಪ್ರೊಸೆಸರ್. ಇಂಟೆಲ್ ಮತ್ತು ಎಎಂಡಿ ಚಿಪ್ಪುಗಳಲ್ಲಿ ಸಿಪಿಯುಐಡಿ ಎಂಬ ಒಂದು ಸೂಚನೆ ಇದೆ. ಕೆಲಸ ಇಷ್ಟೇ: ನೀನು ಯಾರು, ನಿನಗೆ ಏನೇನು ಬರುತ್ತದೆ ಎಂದು ಕೇಳಿದರೆ ಪಟ್ಟಿ ಕೊಡುವುದು. ಎವಿಎಕ್ಸ್ ಎಂಬ ಸೂಚನೆಗಳ ಗುಂಪು ಇದೆಯೇ, ಗೂಢಲಿಪೀಕರಣದ ಸೂಚನೆಗಳು ಇವೆಯೇ, ಹೀಗೆ. ಲಿನಕ್ಸ್‌ನ ಬಹುತೇಕ ಪ್ರೋಗ್ರಾಮುಗಳು ಆತುಕೊಂಡಿರುವ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯನ್ನು ಹತ್ತಿರದಿಂದ ನೋಡಿದರೆ ಇದರ ಫಲ ತಿಳಿಯುತ್ತದೆ. ಮೆಮೊರಿಯ ಒಂದು ಭಾಗವನ್ನು ಇನ್ನೊಂದು ಕಡೆಗೆ ನಕಲು ಮಾಡುವ ಮೆಮ್‌ಕಾಪಿ ಎಂಬ ಪುಟ್ಟ ಕೆಲಸಕ್ಕೆ ಅದರೊಳಗೆ ಹಲವು ಬರಹಗಳಿವೆ: ಹಳೆಯ ಚಿಪ್ಪಿಗೊಂದು, ಎವಿಎಕ್ಸ್ ಇರುವುದಕ್ಕೊಂದು, ಎವಿಎಕ್ಸ್-512 ಇರುವುದಕ್ಕೆ ಮತ್ತೊಂದು. ಪ್ರೋಗ್ರಾಂ ಶುರುವಾದಾಗ ಪಟ್ಟಿ ನೋಡಿ ಇದ್ದುದರಲ್ಲಿ ಚುರುಕಾದದ್ದನ್ನು ಆಯ್ದುಕೊಳ್ಳುತ್ತದೆ. ಆಮೇಲೆ ಆ ಪ್ರೋಗ್ರಾಂ ತಿಂಗಳುಗಟ್ಟಲೆ ಓಡಿದರೂ ಆಯ್ಕೆ ಬದಲಾಗುವುದಿಲ್ಲ.

ಈಗ ಆ ಪ್ರೋಗ್ರಾಂ ಒಂದು ಡೇಟಾಬೇಸ್ ಆಗಿದ್ದು, ಎವಿಎಕ್ಸ್-512 ಇರುವ ಹೊಸ ಸರ್ವರಿನಲ್ಲಿ ಹುಟ್ಟಿ, ಅದಿಲ್ಲದ ಹಳೆಯ ಸರ್ವರಿಗೆ ಬಂದಿಳಿಯಿತು ಎನ್ನೋಣ. ಮುಂದಿನ ಸಲ ಮೆಮ್‌ಕಾಪಿ ಕರೆದ ಕೂಡಲೇ ಪ್ರೊಸೆಸರ್ ತನಗೆ ಗೊತ್ತಿಲ್ಲದ ಸೂಚನೆ ಎಂದು ಕೈ ಎತ್ತುತ್ತದೆ. ಕಾರ್ಯವ್ಯವಸ್ಥೆ ಡೇಟಾಬೇಸನ್ನು ಅಲ್ಲೇ ಮುಗಿಸಿಬಿಡುತ್ತದೆ. ಲಾಗ್‌ನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದಿರುತ್ತದೆಯೇ ಹೊರತು ಸರ್ವರ್ ಬದಲಾಯಿತು ಎಂಬ ಸುಳಿವು ಎಲ್ಲೂ ಇರುವುದಿಲ್ಲ.

ಇದಕ್ಕೆ ಮದ್ದು ಸುಳ್ಳು ಹೇಳುವುದು. ಸಿಪಿಯುಐಡಿ ಪ್ರಶ್ನೆ ವಿಎಂ ಒಳಗಿನಿಂದ ಬಂದಾಗ ಅದನ್ನು ಹೈಪರ್‌ವೈಸರ್ ನಡುವೆ ಹಿಡಿದು ತನಗೆ ಬೇಕಾದ ಉತ್ತರ ಕೊಡಬಲ್ಲದು. ಹತ್ತು ಸರ್ವರುಗಳ ಕ್ಲಸ್ಟರಿನಲ್ಲಿ ಅತ್ಯಂತ ಹಳೆಯದಕ್ಕೆ ಏನು ಬರುತ್ತದೋ ಅಷ್ಟನ್ನೇ ಎಲ್ಲ ವಿಎಂಗಳಿಗೂ ತೋರಿಸಿದರೆ ಯಾರು ಎಲ್ಲಿಗೆ ಹೋದರೂ ತೊಂದರೆಯಿಲ್ಲ. ವಿಎಂವೇರ್ 2008ರಲ್ಲಿ ತಂದ ಇವಿಸಿ ಎಂಬ ಏರ್ಪಾಡು ಮಾಡುವುದು ಇದನ್ನೇ. ಮೆರೋಮ್, ಪೆನ್ರಿನ್, ನೆಹೇಲಮ್, ಸ್ಯಾಂಡಿ ಬ್ರಿಜ್ ಎಂದು ಇಂಟೆಲ್ ತಲೆಮಾರುಗಳ ಹೆಸರಿನ ಮೆಟ್ಟಿಲುಗಳಿವೆ. ಕ್ಲಸ್ಟರಿಗೆ ಒಂದು ಮೆಟ್ಟಿಲನ್ನು ಗೊತ್ತುಮಾಡಿದರೆ ಅದಕ್ಕಿಂತ ಮೇಲಿನ ಗುಣಗಳೆಲ್ಲ ಅಡಗುತ್ತವೆ. ಆದರೆ ಅಡಗುವುದು ಪಟ್ಟಿಯಲ್ಲಿ ಮಾತ್ರ. ಪಟ್ಟಿ ಕೇಳದೆ ನೇರವಾಗಿ ಹೊಸ ಸೂಚನೆಯನ್ನು ಬಳಸುವ ಒರಟು ಪ್ರೋಗ್ರಾಮನ್ನು ತಡೆಯಲು ಎಲ್ಲ ಸಂದರ್ಭದಲ್ಲೂ ಆಗುವುದಿಲ್ಲ, ಏಕೆಂದರೆ ಸೂಚನೆಗಳು ನಿಜವಾದ ಚಿಪ್ಪಿನ ಮೇಲೆ ನೇರವಾಗಿಯೇ ಓಡುತ್ತಿರುತ್ತವೆ. ವಿಎಂವೇರ್ ಕೂಡ ಈ ಮಿತಿಯನ್ನು ಮುಚ್ಚಿಟ್ಟಿಲ್ಲ.

ಮುಕ್ತ ತಂತ್ರಾಂಶದ ಕಡೆ ಕೆವಿಎಂ ಇದೆ. ಇಸ್ರೇಲಿನ ಕುಮ್ರಾನೆಟ್ ಎಂಬ ಸಣ್ಣ ಕಂಪನಿಯಲ್ಲಿ ಹುಟ್ಟಿ 2007ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ್ದು. ಮರುವರ್ಷ ರೆಡ್ ಹ್ಯಾಟ್ ಆ ಕಂಪನಿಯನ್ನೇ ಕೊಂಡಿತು. ಇಲ್ಲಿ ಆಯ್ಕೆಗಳು ಹೆಚ್ಚು, ಆದ್ದರಿಂದ ತಪ್ಪುವ ಅವಕಾಶವೂ ಹೆಚ್ಚು. ‘ಹೋಸ್ಟ್-ಪಾಸ್‌ತ್ರೂ’ ಎಂದು ಆರಿಸಿದರೆ ಸರ್ವರಿನ ಪ್ರೊಸೆಸರ್ ಇದ್ದ ಹಾಗೇ ವಿಎಂಗೆ ಕಾಣುತ್ತದೆ. ವೇಗ ಪೂರ್ತಿ ಸಿಗುತ್ತದೆ. ಆದರೆ ಸಾಗಿಸಬೇಕಾದರೆ ಆಚೆಯ ಸರ್ವರ್ ಅದೇ ಚಿಪ್ಪು, ಚಿಪ್ಪಿನೊಳಗಿನ ಮೈಕ್ರೋಕೋಡ್ ಎಂಬ ಅದೇ ತಂತ್ರಾಂಶ, ಅದೇ ಕರ್ನೆಲ್ ಸಂಯೋಜನೆಯದಾಗಿರಬೇಕು. ಆರಂಭದ ದಿನಗಳಲ್ಲಿ ವೇಗದ ಅಂಕಿ ನೋಡಿ ಪಾಸ್‌ತ್ರೂ ಆರಿಸುವ ಅಡ್ಮಿನ್‌ಗಳಿಗೆ ಮೂರು ವರ್ಷದ ನಂತರ ಹೊಸ ತಲೆಮಾರಿನ ಸರ್ವರ್ ಕೊಂಡಾಗ ಅದರ ಬೆಲೆ ಗೊತ್ತಾಗುತ್ತದೆ.

ಒಂದೇ ಚಿಪ್ಪು, ಒಂದೇ ಮಾದರಿ, ಒಂದೇ ದಿನ ಕೊಂಡ ಸರ್ವರುಗಳು. ಆದರೂ ಹೊಂದದೆ ಹೋಗಬಹುದೇ? ಹೋಗಬಹುದು. ಟಿಎಸ್‌ಎಕ್ಸ್ ಎಂಬ ಸೌಲಭ್ಯದ ಕಥೆ ಅದಕ್ಕೆ ಸಾಕ್ಷಿ.

ಇಂಟೆಲ್ 2013ರಲ್ಲಿ ಹ್ಯಾಸ್‌ವೆಲ್ ತಲೆಮಾರಿನ ಜತೆ ಟಿಎಸ್‌ಎಕ್ಸ್ ತಂದಿತು. ಹಲವು ಕೆಲಸಗಳು ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಮುಟ್ಟುವಾಗ ಬೀಗ ಹಾಕುವ ಖರ್ಚನ್ನು ಉಳಿಸುವ ಜಾಣ ಏರ್ಪಾಡು ಅದು. ಡೇಟಾಬೇಸಿನವರಿಗೆ ಹಬ್ಬ. ಮರುವರ್ಷ ಆಗಸ್ಟ್‌ನಲ್ಲಿ ಅದರಲ್ಲಿ ಹುಳುಕಿದೆ ಎಂದು ಇಂಟೆಲ್ ಒಪ್ಪಿಕೊಂಡು, ಮೈಕ್ರೋಕೋಡ್ ಪರಿಷ್ಕರಣೆಯ ಮೂಲಕ ಸೌಲಭ್ಯವನ್ನೇ ನಿಷ್ಕ್ರಿಯಗೊಳಿಸಿತು. ಚಿಪ್ಪು ಅದೇ, ಮೇಲಿನ ಮುದ್ರೆ ಅದೇ. ಪ್ಯಾಚ್ ಹಾಕಿದ ಸರ್ವರಿನಲ್ಲಿ ಟಿಎಸ್‌ಎಕ್ಸ್ ಇಲ್ಲ, ಹಾಕದ್ದರಲ್ಲಿ ಇದೆ.

ಎಂಟು ಸರ್ವರುಗಳ ಒಂದು ಕ್ಲಸ್ಟರಿನಲ್ಲಿ ಅಡ್ಮಿನ್ ಶಿಸ್ತಿನಿಂದ ಒಂದೊಂದನ್ನೇ ಖಾಲಿ ಮಾಡಿ ಪ್ಯಾಚ್ ಹಾಕಿ ರೀಬೂಟ್ ಮಾಡುತ್ತಾನೆ. ಮೊದಲನೆಯದು ಮುಗಿಯಿತು. ಎರಡನೆಯದನ್ನು ಖಾಲಿ ಮಾಡಲು ಅದರ ವಿಎಂಗಳನ್ನು ಮೊದಲನೆಯದಕ್ಕೆ ಕಳಿಸಹೊರಟರೆ ಮೈಗ್ರೇಷನ್ ಸಾಗುವುದಿಲ್ಲ: ಈ ವಿಎಂಗೆ ಬೇಕಾದ ಆರ್‌ಟಿಎಂ, ಎಚ್‌ಎಲ್‌ಇ ಎಂಬ ಗುಣಗಳು ಆ ಸರ್ವರಿನ ಪ್ರೊಸೆಸರಿನಲ್ಲಿ ಇಲ್ಲ. ಟಿಎಸ್‌ಎಕ್ಸ್‌ನ ಎರಡು ಭಾಗಗಳ ಹೆಸರುಗಳವು. ದೋಷ ಸರಿಪಡಿಸಲು ಹಾಕಿದ ಪ್ಯಾಚೇ ಸರಿಪಡಿಸುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿತು.

ಕೆವಿಎಂಗೆ ನಕಲಿ ಯಂತ್ರದ ಭಾಗಗಳನ್ನು ಒದಗಿಸುವ ಕ್ಯೂಎಮು ಯೋಜನೆಯವರಿಗೆ ಇದು ನಿಜವಾದ ಧರ್ಮಸಂಕಟ. ಹ್ಯಾಸ್‌ವೆಲ್ ಎಂಬ ಹೆಸರಿನ ಮಾದರಿಯಿಂದ ಟಿಎಸ್‌ಎಕ್ಸ್ ತೆಗೆದರೆ ಹಳೆಯ ವಿಎಂಗಳು ಕೆಡುತ್ತವೆ, ಉಳಿಸಿಕೊಂಡರೆ ಪ್ಯಾಚ್ ಹಾಕಿದ ಸರ್ವರುಗಳಲ್ಲಿ ಆ ಮಾದರಿ ಓಡುವುದಿಲ್ಲ. ಕಡೆಗೆ 2015ರಲ್ಲಿ ಹಳೆಯದನ್ನು ಮುಟ್ಟದೆ ‘ಹ್ಯಾಸ್‌ವೆಲ್-ನೋಟಿಎಸ್‌ಎಕ್ಸ್’ ಎಂಬ ಇನ್ನೊಂದು ಮಾದರಿಯನ್ನೇ ಸೇರಿಸಿದರು. ನಾಲ್ಕು ವರ್ಷದ ನಂತರ, 2019ರ ನವೆಂಬರಿನಲ್ಲಿ, ಟಿಎಸ್‌ಎಕ್ಸ್‌ನ ಮೂಲಕ ಮಾಹಿತಿ ಸೋರಬಹುದೆಂಬ ಇನ್ನೊಂದು ದೋಷ ಬಯಲಾಯಿತು. ಈ ಸಲ ಲಿನಕ್ಸ್ ಕರ್ನೆಲ್ ತಾನೇ ಟಿಎಸ್‌ಎಕ್ಸ್ ಅನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ತಂದಿತು. ರೆಡ್ ಹ್ಯಾಟ್ ತನ್ನ ಲಿನಕ್ಸ್‌ನ 8.3 ಆವೃತ್ತಿಯಿಂದ ಅದನ್ನು ನಿಷ್ಕ್ರಿಯಗೊಳಿಸಿಯೇ ಕೊಡಲು ಶುರುಮಾಡಿತು. ಈಗ ಮೈಕ್ರೋಕೋಡ್ ಕೂಡ ಬದಲಾಗಬೇಕಿಲ್ಲ. ಒಂದು ಸರ್ವರ್ 8.2, ಇನ್ನೊಂದು 8.3 ಆಗಿದ್ದರೆ ಸಾಕು, ನಡುವಿನ ದಾರಿ ಮುಚ್ಚಿತು.

ಪ್ರೊಸೆಸರುಗಳಲ್ಲಿನ ಸ್ಪೆಕ್ಟರ್ ಎಂಬ ಭದ್ರತಾ ದೋಷ 2018ರ ಜನವರಿಯಲ್ಲಿ ಬಯಲಾದಾಗ ಸಮಸ್ಯೆ ತಿರುಗುಮುರುಗಾಗಿತ್ತು. ಅಲ್ಲಿ ಮೈಕ್ರೋಕೋಡ್ ಹೊಸ ಗುಣಗಳನ್ನು ಸೇರಿಸಿತು. ರಕ್ಷಣೆ ಬೇಕೆಂದರೆ ವಿಎಂಗೆ ಆ ಗುಣಗಳು ಕಾಣಬೇಕು. ಕಾಣಬೇಕೆಂದರೆ ವಿಎಂ ಅನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಬೇಕು. ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು, ಏಕೆಂದರೆ ಹೈಪರ್‌ವೈಸರಿನ ಕಣ್ಣಿಗೆ ಅದು ಹಳೆಯ ಯಂತ್ರವೇ. ಹೊಸ ಗುಣ ಕಂಡ ಮೇಲೆ ಪ್ಯಾಚ್ ಇಲ್ಲದ ಸರ್ವರಿಗೆ ಅದು ಮರಳಿ ಹೋಗುವಂತಿಲ್ಲ.

ಪ್ರೊಸೆಸರ್ ಆಯಿತು, ಇನ್ನು ಉಳಿದ ಯಂತ್ರ. ಇದನ್ನು ಓದುತ್ತಿರುವ ಹೊತ್ತಿಗೆ ಜಗತ್ತಿನ ಲೆಕ್ಕವಿಲ್ಲದಷ್ಟು ವಿಎಂಗಳು ತಾವು 1996ರ ಕಂಪ್ಯೂಟರಿನಲ್ಲಿ ಓಡುತ್ತಿದ್ದೇವೆ ಎಂದು ನಂಬಿಕೊಂಡಿವೆ. ಕ್ಯೂಎಮು ಬಹುಕಾಲ ತೋರಿಸುತ್ತ ಬಂದ ಮದರ್‌ಬೋರ್ಡ್, ಇಂಟೆಲ್ ಪೆಂಟಿಯಂ ಪ್ರೊ ಕಾಲದಲ್ಲಿ ಬಿಡುಗಡೆ ಮಾಡಿದ ಐ440ಎಫ್‌ಎಕ್ಸ್ ಎಂಬ ಚಿಪ್‌ಸೆಟ್‌ನ ನಕಲು. ಕೆಳಗಿರುವುದು ಇವತ್ತಿನ 64 ಕೋರ್‌ಗಳ ಸರ್ವರ್ ಆದರೂ ಮೇಲೆ ಕಾಣುವ ಬೋರ್ಡು ಅದೇ. ಎಲ್ಲ ಕಾರ್ಯವ್ಯವಸ್ಥೆಗಳಿಗೂ ಪರಿಚಿತ, ಅದೇ ಅದರ ಬಲ.

ಆದರೆ ನಕಲಿಗೂ ಪರಿಷ್ಕರಣೆಗಳಿರುತ್ತವೆ. ವರ್ಷಕ್ಕೆ ಮೂರು ಸಲ ಹೊರಬರುವ ಕ್ಯೂಎಮುವಿನ ಪ್ರತಿ ಆವೃತ್ತಿಯಲ್ಲೂ ಎಲ್ಲೋ ಒಂದು ನೆಟ್‌ವರ್ಕ್ ಕಾರ್ಡಿಗೆ ಹೊಸ ಗುಣ, ಎಲ್ಲೋ ಒಂದು ಟೈಮರಿನ ತಪ್ಪು ತಿದ್ದುಪಡಿ. ಓಡುತ್ತಿರುವ ವಿಎಂ ಕೆಳಗೆ ಇದ್ದಕ್ಕಿದ್ದಂತೆ ಬೋರ್ಡು ಬದಲಾಗಬಾರದೆಂದು ಪ್ರತಿ ಆವೃತ್ತಿಗೂ ಒಂದು ಯಂತ್ರಮಾದರಿಯ ಹೆಸರು ಇಟ್ಟಿರುತ್ತಾರೆ: ‘ಪಿಸಿ-ಐ440ಎಫ್‌ಎಕ್ಸ್-2.1’ ಎಂಬಂತೆ. 2.1ರ ಕಾಲದಲ್ಲಿ ಹುಟ್ಟಿದ ವಿಎಂ ಹೊಸ ಕ್ಯೂಎಮುವಿಗೆ ಹೋದರೆ, ಹೊಸದು ತನ್ನ ಸುಧಾರಣೆಗಳನ್ನೆಲ್ಲ ಅಡಗಿಸಿ, ಅವತ್ತಿನ ತಪ್ಪುಗಳನ್ನೂ ಸೇರಿಸಿಕೊಂಡು, 2.1ರ ವೇಷ ಹಾಕುತ್ತದೆ. ಬರೀ ‘ಪಿಸಿ’ ಎಂದು ಬರೆದುಕೊಂಡರೆ ಅದು ಆಯಾ ಸರ್ವರಿನಲ್ಲಿರುವ ಅತಿ ಹೊಸ ಮಾದರಿ ಎಂದರ್ಥ. ಆದ್ದರಿಂದಲೇ ಮೇಲಿನಿಂದ ಇದನ್ನೆಲ್ಲ ನಡೆಸುವ ಲಿಬ್‌ವರ್ಟ್, ವಿಎಂ ದಾಖಲಾದ ದಿನವೇ ‘ಪಿಸಿ’ಯನ್ನು ಅಳಿಸಿ ಪೂರ್ತಿ ಹೆಸರು ಬರೆದಿಡುತ್ತದೆ. ಈ ಹಳೆಯ ವೇಷಗಳನ್ನು ಕಾಪಾಡುವುದು ಬಿಟ್ಟಿ ಕೆಲಸವಲ್ಲ. ಆರು ವರ್ಷ ದಾಟಿದ ಮಾದರಿಗಳನ್ನು ಕೈಬಿಡುವ ನಿಯಮವನ್ನು ಯೋಜನೆ ಇತ್ತೀಚೆಗೆ ಮಾಡಿಕೊಂಡಿದೆ.

ಒಂದೇ ಹೆಸರಿನಲ್ಲಿ ಎರಡು ಬೇರೆ ಯಂತ್ರಗಳು ಓಡಾಡಿದ ಪ್ರಸಂಗವೂ ಉಂಟು. ಮೊದಲ ವರ್ಷಗಳಲ್ಲಿ ಕೆವಿಎಂಗೆಂದೇ ಕ್ಯೂಎಮುವಿನ ಒಂದು ಕವಲು ಪ್ರತ್ಯೇಕವಾಗಿ ಬೆಳೆಯುತ್ತಿತ್ತು. 2012ರ ಕೊನೆಗೆ ಎರಡೂ ಒಂದಾದವು. ಉಬುಂಟು 12.04ರಲ್ಲಿದ್ದದ್ದು ಕವಲು, 14.04ರಲ್ಲಿದ್ದದ್ದು ಮೂಲ. ಎರಡರಲ್ಲೂ ‘ಪಿಸಿ-1.0’ ಎಂಬ ಮಾದರಿ ಇತ್ತು, ಆದರೆ ಒಳಗಿನ ವಿವರಗಳು ಹೊಂದುತ್ತಿರಲಿಲ್ಲ. ಎರಡು ವರ್ಷಗಳಿಂದ ಓಡುತ್ತಿದ್ದ ವಿಎಂಗಳನ್ನು ಹೊಸ ಉಬುಂಟುವಿಗೆ ಸಾಗಿಸಲು ಹೊರಟವರು ಅಲ್ಲಿ ಎಡವಿದರು. ಉಬುಂಟುವಿನವರು ಕವಲಿನ ‘ಪಿಸಿ-1.0’ಕ್ಕೆ ಬೇರೆಯದೇ ಹೆಸರಿಟ್ಟು ಹೊಸದರೊಳಗೆ ಸೇರಿಸಬೇಕಾಯಿತು. ಅಷ್ಟೇ ಅಲ್ಲ, ನೆಟ್‌ವರ್ಕ್ ಕಾರ್ಡಿನಿಂದ ಬೂಟ್ ಮಾಡಲು ಬೇಕಾಗುವ ಸಣ್ಣ ರೋಮ್ ಫೈಲಿನ ಹಳೆಯ ಪ್ರತಿಯನ್ನೂ ಒಂದು ಪ್ರತ್ಯೇಕ ಪ್ಯಾಕೇಜಾಗಿ ಕೊಟ್ಟರು. ಆ ಫೈಲನ್ನು ವಿಎಂ ಹುಟ್ಟಿದಾಗ ಒಮ್ಮೆ ಬಳಸಿರಬಹುದು, ಅದೂ ಇಲ್ಲದಿರಬಹುದು. ಆದರೆ ಅದರ ಅಳತೆ ಎರಡೂ ಕಡೆ ಒಂದೇ ಇರದಿದ್ದರೆ ‘ಲೆಂತ್ ಮಿಸ್‌ಮ್ಯಾಚ್’ ಎಂದು ಮೈಗ್ರೇಷನ್ ಮುರಿದುಬೀಳುತ್ತದೆ. ದೊಡ್ಡ ಬ್ಯಾಂಕಿನ ಡೇಟಾಬೇಸು ಉಪಯೋಗಕ್ಕೇ ಬಾರದ ಒಂದು ಫೈಲಿನ ಅಳತೆಯಿಂದಾಗಿ ಜಾಗ ಬಿಟ್ಟು ಕದಲದಿರುವುದು ಈ ವೃತ್ತಿಯವರಿಗೆ ನಗುವ ವಿಷಯವಲ್ಲ.

ಇನ್ನೊಂದು ಪದರ ಸಾಧನಗಳ ಸ್ಥಿತಿಯನ್ನು ಕಟ್ಟಿ ಕಳಿಸುವ ಪೊಟ್ಟಣದ್ದು. ಪ್ರತಿ ಸಾಧನದ ಹೆಸರಿನ ಮುಂದೆ ಅದರ ಆವೃತ್ತಿಯ ಸಂಖ್ಯೆ ಇರುತ್ತದೆ. ಪಡೆಯುವವನು ಹೊಸಬನಾದರೆ ಹಳೆಯ ಸಂಖ್ಯೆಯನ್ನು ಓದುವುದು ಗೊತ್ತಿರುತ್ತದೆ. ಹಳಬನ ಕೈಗೆ ಹೊಸ ಸಂಖ್ಯೆ ಬಂದರೆ? ಮುಂದೆ ಹುಟ್ಟಲಿರುವುದನ್ನು ಓದುವ ವಿದ್ಯೆ ಯಾರಿಗೂ ಇಲ್ಲ. ಕ್ಯೂಎಮು ಇದಕ್ಕೊಂದು ಒಳ್ಳೆಯ ಉಪಾಯ ಕಂಡುಕೊಂಡಿದೆ: ಹೊಸ ವಿವರ ನಿಜಕ್ಕೂ ಬಳಕೆಯಲ್ಲಿದ್ದರೆ ಮಾತ್ರ ಅದನ್ನು ಒಂದು ಉಪವಿಭಾಗವಾಗಿ ಕಳಿಸುವುದು. ಇಲ್ಲದಿದ್ದರೆ ಹಳೆಯ ರೂಪದಲ್ಲೇ ಹೋಗುತ್ತದೆ, ಹಳಬನೂ ಓದಿಕೊಳ್ಳುತ್ತಾನೆ. ಹಾಗಾಗಿ ಹಿಂದಕ್ಕೆ ಸಾಗಿಸುವುದು ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ. ಸೋಮವಾರ ಆದದ್ದು ಮಂಗಳವಾರ ಆಗದಿರಬಹುದು, ಏಕೆಂದರೆ ಆ ಕ್ಷಣದಲ್ಲಿ ಸಾಧನ ಯಾವ ಸ್ಥಿತಿಯಲ್ಲಿತ್ತು ಎಂಬುದರ ಮೇಲೆ ಅದು ನಿಂತಿದೆ. ಮೂಲ ಯೋಜನೆ ಹಿಂದಕ್ಕೆ ಹೋಗುವ ಭರವಸೆ ಕೊಡುವುದಿಲ್ಲ. ರೆಡ್ ಹ್ಯಾಟ್‌ನಂಥವರು ತಮ್ಮದೇ ಯಂತ್ರಮಾದರಿಗಳನ್ನು ಕಾಯ್ದುಕೊಂಡು, ಪರೀಕ್ಷೆ ಮಾಡಿ, ಹಣ ಕೊಡುವ ಗ್ರಾಹಕರಿಗೆ ಆ ಭರವಸೆಯನ್ನು ಮಾರುತ್ತಾರೆ. ಚಂದಾ ಹಣದ ಒಂದು ಪಾಲು ಹೋಗುವುದು ಇದಕ್ಕೇ ಎನ್ನಬಹುದು.

ಕಾಲದ ಲೆಕ್ಕವೂ ಒಂದಿದೆ. ಪ್ರೊಸೆಸರಿನ ಮಿಡಿತ ಎಣಿಸಿ ಸಮಯ ನೋಡುವ ವಿಎಂ 2.4 ಗಿಗಾಹರ್ಟ್ಸ್‌ನ ಸರ್ವರಿನಲ್ಲಿ ಹುಟ್ಟಿ 3.0 ಗಿಗಾಹರ್ಟ್ಸ್‌ನದಕ್ಕೆ ಬಂದರೆ, ಅದರ ಲೆಕ್ಕದಲ್ಲಿ ಒಂದು ಸೆಕೆಂಡು ಒಂದೂಕಾಲು ಸೆಕೆಂಡಾಗುತ್ತದೆ. ಹೊಸ ಚಿಪ್ಪುಗಳಲ್ಲಿ ಈ ಮಿಡಿತವನ್ನು ವಿಎಂಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ ಸೌಲಭ್ಯವಿದೆ.

ಮೈಕ್ರೋಸಾಫ್ಟ್ ಈ ಎಲ್ಲ ಗೊಂದಲವನ್ನು ಒಂದು ಸಂಖ್ಯೆಯೊಳಗೆ ಕಟ್ಟಿಹಾಕಿದೆ. ಅದರ ಹೈಪರ್‌ವೈಸರ್ ಆದ ಹೈಪರ್-ವಿಯಲ್ಲಿ ಪ್ರತಿ ವಿಎಂಗೂ ಒಂದು ಕಾನ್ಫಿಗರೇಷನ್ ವರ್ಷನ್: ವಿಂಡೋಸ್ ಸರ್ವರ್ 2012 ಆರ್2ಕ್ಕೆ 5.0, 2016ಕ್ಕೆ 8.0, 2019ಕ್ಕೆ 9.0, 2022ಕ್ಕೆ 10.0. ಹಿಂದೆ ಹೊಸ ಸರ್ವರಿಗೆ ಬಂದ ವಿಎಂ ತಾನಾಗಿ ಮೇಲ್ದರ್ಜೆಗೆ ಏರುತ್ತಿತ್ತು, ಆಮೇಲೆ ಹಿಂದಿರುಗುವ ದಾರಿಯಿಲ್ಲ. 2016ರಿಂದ ಕಂಪನಿ ಈ ಪದ್ಧತಿ ಬಿಟ್ಟಿತು. ಈಗ 5.0ರ ವಿಎಂ 2016ರ ಸರ್ವರಿಗೆ ಬಂದು 5.0 ಆಗಿಯೇ ಇರುತ್ತದೆ, ಬೇಕಾದರೆ ವಾಪಸು ಹೋಗುತ್ತದೆ. ಅಡ್ಮಿನ್ ‘ಅಪ್‌ಡೇಟ್-ವಿಎಂವರ್ಷನ್’ ಎಂಬ ಆಜ್ಞೆ ಕೊಟ್ಟಾಗ ಮಾತ್ರ ಸಂಖ್ಯೆ ಏರುತ್ತದೆ. ಇಳಿಸುವ ಆಜ್ಞೆ ಇಲ್ಲ. ತಾನಾಗಿ ಏರದಂತೆ ಮಾಡಿದ್ದು ಸಣ್ಣ ಬದಲಾವಣೆಯಂತೆ ಕಂಡರೂ, ಹಳೆಯ ಮತ್ತು ಹೊಸ ಸರ್ವರುಗಳು ಒಂದೇ ಕ್ಲಸ್ಟರಿನಲ್ಲಿ ಕೆಲವು ವಾರ ಜತೆಗಿದ್ದು ಒಂದೊಂದಾಗಿ ಬದಲಾಗಲು ಅವಕಾಶವಾದದ್ದು ಇದರಿಂದಲೇ.

ವಿಎಂವೇರ್‌ನಲ್ಲೂ ಇಂಥದೇ ಸಂಖ್ಯೆ, ಹೆಸರು ವರ್ಚುವಲ್ ಹಾರ್ಡ್‌ವೇರ್ ವರ್ಷನ್. ಅದರ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐ 6.0ಕ್ಕೆ 11, 6.5ಕ್ಕೆ 13, 7.0ಕ್ಕೆ 17, 8.0ಕ್ಕೆ 20. ನಡುವಿನ 12 ಎಲ್ಲಿ ಹೋಯಿತು ಎಂದು ಕೇಳಬಹುದು. ಅದು ಮೇಜಿನ ಕಂಪ್ಯೂಟರುಗಳಿಗೆಂದು ಮಾರುವ ವರ್ಕ್‌ಸ್ಟೇಷನ್ ಪಾಲಾಯಿತು. ವರ್ಕ್‌ಸ್ಟೇಷನ್‌ನಲ್ಲಿ 12 ಎಂದು ಕಟ್ಟಿದ ವಿಎಂ ಅನ್ನು 6.0ರ ಸರ್ವರಿಗೆ ಒಯ್ದವರಿಗೆ ಪ್ರವೇಶವಿಲ್ಲ. 20ರ ವಿಎಂ 7.0ರ ಸರ್ವರಿಗೆ ಇಳಿಯುವುದೂ ಇಲ್ಲ. ಹೊಸ ಸೌಲಭ್ಯ ನಿಜಕ್ಕೂ ಬೇಕಿದ್ದರಷ್ಟೇ ಸಂಖ್ಯೆ ಏರಿಸಿ ಎಂಬುದು ಕಂಪನಿಯ ಸಲಹೆಯೇ ಆದರೂ, ‘ಅಪ್‌ಗ್ರೇಡ್’ ಎಂಬ ಗುಂಡಿ ಕಂಡರೆ ಒತ್ತುವುದು ಮನುಷ್ಯಸ್ವಭಾವ.

ಒಂದು ಕಂಪನಿಯ ಹೈಪರ್‌ವೈಸರಿನಿಂದ ಇನ್ನೊಂದರದ್ದಕ್ಕೆ ಹೋಗುವುದಾದರೆ ಈ ಸಂಖ್ಯೆಗಳೂ ನೆರವಿಗೆ ಬರುವುದಿಲ್ಲ. ಬ್ರಾಡ್‌ಕಾಮ್ 2023ರ ನವೆಂಬರಿನಲ್ಲಿ ವಿಎಂವೇರ್ ಅನ್ನು ಕೊಂಡು, ಮರುತಿಂಗಳೇ ಒಮ್ಮೆ ಹಣ ಕೊಟ್ಟರೆ ಕಾಯಂ ಎನ್ನುವ ಲೈಸೆನ್ಸುಗಳ ಮಾರಾಟ ನಿಲ್ಲಿಸಿತು. ವಿಎಂವೇರ್‌ನ ದೊಡ್ಡ ಅಭಿವೃದ್ಧಿ ಕೇಂದ್ರವೊಂದು ಬೆಂಗಳೂರಿನಲ್ಲೇ ಇದ್ದುದರಿಂದ ಇಲ್ಲಿನವರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಬಹಳ ಸಂಸ್ಥೆಗಳು ಬೇರೆ ದಾರಿ ಹುಡುಕಿದವು. ಕೆವಿಎಂ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್ ಎಂಬ ವ್ಯವಸ್ಥೆ 2024ರಲ್ಲಿ ಇಎಸ್‌ಎಕ್ಸ್‌ಐನಿಂದ ನೇರವಾಗಿ ವಿಎಂ ತರಿಸಿಕೊಳ್ಳುವ ಸೌಲಭ್ಯವನ್ನು ತನ್ನ ಪರದೆಗೇ ತಂದಿತು. ಆದರೆ ಇದು ಲೈವ್ ಮೈಗ್ರೇಷನ್ ಅಲ್ಲ, ಪರಿವರ್ತನೆ. ವಿಎಂ ಆರಿಸಲೇಬೇಕು, ಮತ್ತೆ ಎದ್ದಾಗ ಅದಕ್ಕೆ ಕಾಣುವುದು ಬೇರೆಯದೇ ಯಂತ್ರ. ಡಿಸ್ಕ್ ಕಂಟ್ರೋಲರಿನ ವರ್ಟಿಯೋ ಡ್ರೈವರ್ ಮೊದಲೇ ಹಾಕಿಟ್ಟಿರದಿದ್ದರೆ ವಿಂಡೋಸ್ ತನ್ನ ಡಿಸ್ಕನ್ನೇ ಕಾಣದೆ 0ಎಕ್ಸ್7ಬಿ ಎಂಬ ಸಂಕೇತದೊಂದಿಗೆ ನೀಲಿ ಪರದೆ ತೋರಿಸುತ್ತದೆ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಐಪಿ ವಿಳಾಸ ಕಾಣೆಯಾಗಬಹುದು.

ಹೊಸ ಜಾಗದಲ್ಲಿ ಹಳೆಯ ಅಭ್ಯಾಸವೂ ಕಾಡುತ್ತದೆ. ಪ್ರಾಕ್ಸ್‌ಮಾಕ್ಸ್ ಬಹಳ ವರ್ಷ ವಿಎಂಗಳಿಗೆ ಕೆವಿಎಂ64 ಎಂಬ ಅತಿ ಸಾಧಾರಣ ಪ್ರೊಸೆಸರನ್ನು ತೋರಿಸುತ್ತಿತ್ತು. ಎಲ್ಲಿ ಬೇಕಾದರೂ ಓಡಲಿ ಎಂಬ ಒಳ್ಳೆಯ ಉದ್ದೇಶ. 2022ರಲ್ಲಿ ರೆಡ್ ಹ್ಯಾಟ್ 9 ಬಂದಾಗ ಅದು ಕನಿಷ್ಠ ಎಕ್ಸ್86-64-ವಿ2 ಎಂಬ ಮಟ್ಟದ ಪ್ರೊಸೆಸರ್ ಕೇಳಿತು. 2008ರ ನೆಹೇಲಮ್ ಮಟ್ಟವಷ್ಟೇ ಅದು. ಕೆಳಗಿದ್ದದ್ದು ಹೊಚ್ಚಹೊಸ ಸರ್ವರ್, ಆದರೆ ಮೇಲೆ ತೋರಿಸಿದ್ದು ಕೆವಿಎಂ64. ಹೀಗಾಗಿ ನಿಮ್ಮ ಸಿಪಿಯುಗೆ ವಿ2 ಬರುವುದಿಲ್ಲ ಎಂದು ಹೇಳಿ ವಿಎಂ ಬೂಟ್ ಆಗದೆ ಕೂತಿತು. ಪ್ರಾಕ್ಸ್‌ಮಾಕ್ಸ್ 2023ರ ತನ್ನ 8ನೇ ಆವೃತ್ತಿಯಲ್ಲಿ ಹೊಸ ವಿಎಂಗಳಿಗೆ ವಿ2 ಮಟ್ಟವನ್ನೇ ಮೊದಲ ಆಯ್ಕೆಯಾಗಿ ಇಟ್ಟಿತು.

2025ರಲ್ಲಿ ಬಂದ ರೆಡ್ ಹ್ಯಾಟ್ 10 ಇನ್ನೊಂದು ಮೆಟ್ಟಿಲು ಮೇಲೆ ಹೋಗಿ ವಿ3 ಕೇಳುತ್ತದೆ. ಅಂದರೆ ಇಂಟೆಲ್‌ನಲ್ಲಿ 2013ರ ಹ್ಯಾಸ್‌ವೆಲ್ ಅಥವಾ ಅದರ ನಂತರದ್ದು. ಕ್ಲಸ್ಟರಿನಲ್ಲಿ ಸ್ಯಾಂಡಿ ಬ್ರಿಜ್ ಅಥವಾ ಐವಿ ಬ್ರಿಜ್ ಕಾಲದ ಒಂದೇ ಒಂದು ಸರ್ವರ್ ಉಳಿದಿದ್ದು, ಇವಿಸಿ ಮಟ್ಟವನ್ನು ಅದಕ್ಕೆ ಹೊಂದಿಸಿ ಇಟ್ಟಿದ್ದರೆ, ಪಕ್ಕದ ಹೊಸ ಸರ್ವರುಗಳ ಮೇಲೂ ಹೊಸ ಕಾರ್ಯವ್ಯವಸ್ಥೆ ಏಳುವುದಿಲ್ಲ. ಅಂಥ ಕ್ಲಸ್ಟರ್ ನೋಡಿಕೊಳ್ಳುವವರು ಬದಲಾವಣೆಗೆಂದು ಮೀಸಲಿಟ್ಟ ಮುಂದಿನ ಚೇಂಜ್ ವಿಂಡೋಗೆ ಕಾಯದೆ ಮೊದಲು ಇವಿಸಿ ಮಟ್ಟ ಯಾವುದಿದೆ ನೋಡಲಿ, ಆ ಹಳೆಯ ಸರ್ವರನ್ನು ಕ್ಲಸ್ಟರಿನಿಂದ ತೆಗೆಯಲಿ, ಆಮೇಲೆ ಮಟ್ಟ ಏರಿಸಲಿ. ವಿಎಂಗಳಿಗೆ ಹೊಸ ಮಟ್ಟ ಕಾಣುವುದು ಒಮ್ಮೆ ಪೂರ್ತಿ ಆರಿಸಿ ಹಚ್ಚಿದ ಮೇಲೆಯೇ, ಆದ್ದರಿಂದ ಅದಕ್ಕೂ ಒಂದು ರಾತ್ರಿಯನ್ನು ಈಗಲೇ ಗೊತ್ತುಮಾಡಿಕೊಳ್ಳಬೇಕು.